ಸುದ್ದಿ ಕಳಿಸಿದೆ, ಅರ್ಥ ಹೇಳಲಿಲ್ಲ

ಎರಡು ವರ್ಷದ ಹಿಂದಿನ ಮಳೆಗಾಲದ ಮಾತು. ಎರಡು ದಿನ ಬಿಡದೆ ಸುರಿದ ಮಳೆಗೆ ಗೊಬ್ಬೂರ ಸುತ್ತಮುತ್ತಲಿನ ತೊಗರಿ ಹೊಲಗಳಲ್ಲಿ ಮೊಳಕಾಲುದ್ದ ನೀರು ನಿಂತಿತ್ತು. ನಾನು ಬೈಕಿನ ಮೇಲೆ ನಾಲ್ಕಾರು ಹೊಲ ತಿರುಗಿದೆ, ಫೋಟೊ ಹೊಡೆದೆ, ರೈತರ ಗೋಳು ಕೇಳಿಸಿಕೊಂಡೆ, ಸಂಜೆ ಸುದ್ದಿ ಕಳಿಸಿದೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಫೋಟೊ ಸಮೇತ ಬಂತು. ಕಟಿಂಗ್ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹೆಬ್ಬೆಟ್ಟು ಎತ್ತಿದವರು ನಲವತ್ತು ಮಂದಿ. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಐದನೆಯ ದಿನ ನಮ್ಮ ಓಣಿಯ ಕಾಕಾ ಒಬ್ಬರು ಫೋನು ಹಿಡಿದುಕೊಂಡು ಬಂದರು. "ತಮ್ಮಾ, ಇದೇನೋ ಬಂದದ ನೋಡಪಾ. ಬ್ಯಾಂಕಿನವರದು ಇರಬೇಕು ಅಂತ ಬಿಟ್ಟಿದ್ದೆ."

ಬ್ಯಾಂಕಿನದಲ್ಲ, ಫಸಲ್ ಬಿಮಾದ ಮೆಸೇಜು. ಇಂಗ್ಲಿಷಿನಲ್ಲಿತ್ತು. ಹೊಲದಲ್ಲಿ ನೀರು ನಿಂತು ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು ಅಂತ ಬರೆದಿತ್ತು. ಕಾಕಾ ಬಂದಾಗ 72 ಗಂಟೆ ಮುಗಿದು ಒಂದೂವರೆ ದಿನವಾಗಿತ್ತು.

ಓದಿ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ. ಕಟ್ಟೆ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಮಾತು ಕೇಳಿದರು: "ಪೇಪರಿನಾಗ ಅಷ್ಟೆಲ್ಲಾ ಬರದಿ. ಇದೊಂದು ಮಾತು ಬರೀಬಾರದಿತ್ತೇನಪಾ?"

ಆ ನಿಯಮ ನನಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿತ್ತು. ತಾಲ್ಲೂಕಿನ ಸಭೆಯೊಂದರಲ್ಲಿ ಕೇಳಿ ಡೈರಿಯಲ್ಲಿ ಬರೆದುಕೊಂಡೂ ಇದ್ದೆ. ಆದರೆ ಸುದ್ದಿ ಅಂದರೆ ನೀರು ನಿಂತ ಹೊಲ, ತಲೆ ಮೇಲೆ ಕೈ ಹೊತ್ತ ರೈತ, ಪರಿಹಾರದ ಆಗ್ರಹ ಅಂತ ನನ್ನ ತಲೆಯಲ್ಲಿತ್ತು. ಕಚೇರಿಯ ಮಾತನ್ನು ನಮ್ಮ ಓಣಿಯ ಮಾತಿಗೆ ತಂದು ಹೇಳುವುದೂ ನನ್ನ ಕೆಲಸವೇ ಅಂತ ಹೊಳೆದಿರಲಿಲ್ಲ. ಅದು ಬೇರೆ ಯಾರದೋ ಕೆಲಸ ಅಂತ ಬಿಟ್ಟೆ. ಆ ಬೇರೆ ಯಾರೋ ಅನ್ನುವವರು ನಮ್ಮೂರಲ್ಲಿ ಇರಲೇ ಇಲ್ಲ.

ಆ ರಾತ್ರಿ ನನಗೆ ನೆನಪಾದವರು ಕಯ್ಯಾರ ಕಿಞ್ಞಣ್ಣ ರೈ.

ನಮ್ಮ ಕಲಬುರಗಿ ಕಡೆ ಈ ಹೆಸರು ಕೇಳಿದವರು ಕಡಿಮೆ. ನಾನೂ ಕೇಳಿದ್ದು ಡಿಪ್ಲೊಮಾ ಓದುವಾಗ. ಕಾಸರಗೋಡು ಕಡೆಯ ಹುಡುಗನೊಬ್ಬ ನನ್ನ ರೂಮಿನಲ್ಲಿದ್ದ. "ನಿಮ್ಮದು ಕರ್ನಾಟಕದೊಳಗಿನ ಕನ್ನಡ, ನಮ್ಮದು ಹೊರಗೆ ಬಿದ್ದ ಕನ್ನಡ" ಅಂತ ನಗುತ್ತಿದ್ದ. ಅವನ ಬಾಯಲ್ಲಿ ದಿನಕ್ಕೊಂದು ಸಲವಾದರೂ ಕಯ್ಯಾರರ ಹೆಸರು ಬರುತ್ತಿತ್ತು. ಆಗ ನಾನು ಅಷ್ಟು ಗಮನ ಕೊಡಲಿಲ್ಲ. ಕವಿ ಇರಬೇಕು, ಇರಲಿ ಅಂದುಕೊಂಡಿದ್ದೆ.

ಕಯ್ಯಾರರು ಕವಿ ಹೌದು, ಆದರೆ ಅಷ್ಟೇ ಅಲ್ಲ. 1915ರ ಜೂನ್ 8ರಂದು ಹುಟ್ಟಿದವರು. ಮನೆಮಾತು ತುಳು. ಹನ್ನೆರಡನೆಯ ವಯಸ್ಸಿಗೇ 'ಸುಶೀಲಾ' ಅಂತ ಕೈಬರಹದ ಪತ್ರಿಕೆ ತಂದರು. ದೊಡ್ಡವರಾದ ಮೇಲೆ ಮಂಗಳೂರಿನ 'ಸ್ವದೇಶಾಭಿಮಾನಿ' ಪತ್ರಿಕೆಯಲ್ಲಿ ಕೆಲಸ ಮಾಡಿದರು. ಗಾಂಧಿಯ ಮಾತಿಗೆ ಮನಸೋತು ಸ್ವಾತಂತ್ರ್ಯ ಚಳವಳಿಗೆ ಇಳಿದರು. ಆಮೇಲೆ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಬದಿಯಡ್ಕ ಪಂಚಾಯಿತಿಗೆ ಹಲವು ವರ್ಷ ಅಧ್ಯಕ್ಷರಾಗಿದ್ದರು. ತೋಟ ಮಾಡಿದರು. ತಮ್ಮ ಆತ್ಮಕಥೆಗೆ 'ದುಡಿತವೇ ನನ್ನ ದೇವರು' ಅಂತ ಹೆಸರಿಟ್ಟರು. 1997ರಲ್ಲಿ ಮಂಗಳೂರಿನಲ್ಲಿ ನಡೆದ 66ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ನೂರು ವರ್ಷ ತುಂಬಿಸಿ, ಎರಡು ತಿಂಗಳ ಮೇಲೆ, 2015ರ ಆಗಸ್ಟ್ 9ರಂದು ಹೋದರು.

ಪತ್ರಕರ್ತ, ಮೇಷ್ಟ್ರು, ಪಂಚಾಯಿತಿ ಅಧ್ಯಕ್ಷ, ಹೋರಾಟಗಾರ, ಕವಿ, ರೈತ. ಇವುಗಳ ಜೊತೆ ಇನ್ನೊಂದು ಕೆಲಸವಿತ್ತು, ಅನುವಾದ. ನನ್ನ ಈ ಬರಹ ಇರುವುದೇ ಅದರ ಬಗ್ಗೆ.

ಕಾಸರಗೋಡಿನ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಮೊದಲು ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. 1956ರ ನವೆಂಬರ್ 1ರಂದು ಭಾಷೆಯ ಲೆಕ್ಕದಲ್ಲಿ ರಾಜ್ಯಗಳಾದಾಗ ಮಂಗಳೂರು, ಉಡುಪಿ ಮೈಸೂರು ರಾಜ್ಯಕ್ಕೆ ಬಂದವು, ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ನಮ್ಮ ಗುಲಬರ್ಗಾ ಹೈದರಾಬಾದ್ ರಾಜ್ಯದಿಂದ ಮೈಸೂರಿಗೆ ಸೇರಿತು. ನಾವು ಒಳಗೆ ಬಂದ ದಿನವೇ ಅವರು ಹೊರಗೆ ಉಳಿದರು. ನವೆಂಬರ್ 1ಕ್ಕೆ ನಮ್ಮಲ್ಲಿ ಧ್ವಜ ಹಾರಿಸಿ ಸಿಹಿ ಹಂಚುವಾಗ ಈ ಮಾತು ಯಾರೂ ಹೇಳುವುದಿಲ್ಲ.

1966ರಲ್ಲಿ ಮಹಾಜನ ಆಯೋಗ ಕೂತಿತು. 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯಿಂದ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಬರಬೇಕು ಅಂತ ಹೇಳಿತು. ಅದು ಇವತ್ತಿಗೂ ಕಾಗದದಲ್ಲೇ ಉಳಿದಿದೆ. ಕಯ್ಯಾರರು ಆ ಹೋರಾಟದ ಮುಂದಾಳು. ಆ ಸಂಕಟಕ್ಕೆ ಅವರು ಬರೆದ ಕವಿತೆ ಗಡಿಯ ಈಚೆಗೂ ಬಂದು ಸಭೆಗಳಲ್ಲಿ ಹಾಡಾಯಿತು. ಹೊಟ್ಟೆಯಲ್ಲಿ ಆ ನೋವು ಇಟ್ಟುಕೊಂಡೇ ಅವರು ನೂರು ವರ್ಷ ಬದುಕಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಜೊತೆಗೆ ನಡೆದ ಇನ್ನೊಂದು ಸಂಗತಿ. ತನ್ನ ಊರು ಕೇರಳಕ್ಕೆ ಹೋಯಿತು ಅಂತ ಬದುಕಿಡೀ ಹೋರಾಡಿದ ಈ ಮನುಷ್ಯ, ಕೂತು ಮಲಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದರು.

ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರು? ನಮ್ಮ ಫೋನುಗಳಲ್ಲಿ ಈಗ ಓಡಾಡುವ ಗಡಿ ಹೋರಾಟ ನೆನಪು ಮಾಡಿಕೊಳ್ಳಿ. ಅವರ ಭಾಷೆಯ ಬೋರ್ಡಿಗೆ ಮಸಿ, ಅವರ ಬಸ್ಸಿಗೆ ಕಲ್ಲು, ಅವರ ಹಾಡು ಹಾಕಿದ ಅಂಗಡಿಗೆ ಬೈಗುಳ. ಕಯ್ಯಾರರ ಜಗಳ ಇದ್ದದ್ದು ಆಡಳಿತದ ಜೊತೆ. ಮಲಯಾಳ ಮಾತಿನ ಜೊತೆ ಅವರಿಗೆ ಜಗಳವಿರಲಿಲ್ಲ. ಪಕ್ಕದ ಮನೆಯವರ ಭಾಷೆಯಲ್ಲಿ ಒಳ್ಳೆಯದಿದ್ದರೆ ಅದು ನಮ್ಮ ಮಂದಿಗೂ ಸಿಗಲಿ ಅನ್ನುವ ಮನಸ್ಸು ಅವರದು.

ಆಶಾನ್ ಯಾರು ಅಂತ ನೋಡಿದರೆ ಇನ್ನೂ ಕುತೂಹಲ. 1873ರಲ್ಲಿ ಹುಟ್ಟಿದ ಅವರು ನಾರಾಯಣ ಗುರುಗಳ ಶಿಷ್ಯ. ಜಾತಿಯ ಕೊಳೆಯ ಮೇಲೆ ಕಾವ್ಯ ಬರೆದವರು. 'ವಿವೇಕೋದಯಂ' ಪತ್ರಿಕೆ ನಡೆಸಿದವರು. ತಿರುವಾಂಕೂರಿನ ಪ್ರಜಾಸಭೆಯಲ್ಲಿ ಕೂತು ತಮ್ಮ ಮಂದಿಯ ಪರ ಮಾತಾಡಿದವರು. ಬುದ್ಧನ ಕಥೆಯನ್ನು ಇಂಗ್ಲಿಷಿನಿಂದ ಮಲಯಾಳಕ್ಕೆ ತಂದವರು. 1924ರಲ್ಲಿ ದೋಣಿ ಮುಳುಗಿ ತೀರಿಕೊಂಡರು. ಪತ್ರಿಕೆ, ಸಭೆ, ಅನುವಾದ ಮೂರನ್ನೂ ಮಾಡಿದ ಒಬ್ಬರನ್ನು, ಆ ಮೂರನ್ನೂ ಮಾಡಿದ ಇನ್ನೊಬ್ಬರು ಕನ್ನಡಕ್ಕೆ ಕರೆದು ತಂದರು.

ಕಯ್ಯಾರರು ಒಬ್ಬರೇ ಅಲ್ಲ. ಚಂದ್ರಗಿರಿ ದಂಡೆಯ ಬೇವಿಂಜೆಯ ಬಿ.ವಿ. ಕಕ್ಕಿಲ್ಲಾಯರು ಕಮ್ಯುನಿಸ್ಟ್ ನಾಯಕರು. 1952ರಲ್ಲಿ ರಾಜ್ಯಸಭೆಗೆ ಹೋದವರು, ಆಮೇಲೆ ಬಂಟ್ವಾಳ, ವಿಟ್ಲದಿಂದ ನಮ್ಮ ವಿಧಾನಸಭೆಗೆ ಬಂದವರು. ಬರಹ, ಅನುವಾದ ಅವರಿಗೂ ಕೈಗೆಲಸ. ಮಂಜೇಶ್ವರದ ಗೋವಿಂದ ಪೈಗಳು ಜಪಾನಿನ ನಾಟಕಗಳನ್ನು ಕನ್ನಡಕ್ಕೆ ತಂದರು. ಅಷ್ಟು ಸಣ್ಣ ನೆಲದಲ್ಲಿ ಇಂಥವರು ಸಾಲಾಗಿ ಯಾಕೆ ಹುಟ್ಟಿದರು? ನನಗೆ ತೋಚುವ ಉತ್ತರ ಸರಳ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಇರುವ ಊರಿನಲ್ಲಿ ಒಂದು ಮಾತಿನಿಂದ ಇನ್ನೊಂದು ಮಾತಿಗೆ ದಾಟಿಸದಿದ್ದರೆ ದಿನ ನಡೆಯುವುದಿಲ್ಲ. ಬೇರೆ ಕಡೆ ಅನುವಾದ ಅಂದರೆ ಸಾಹಿತಿಗಳ ಹವ್ಯಾಸ ಇರಬಹುದು, ಗಡಿ ಊರಿಗೆ ಅದು ಕುಡಿಯುವ ನೀರಿದ್ದಂತೆ.

ಹಂಗಾದ್ರ ನಮ್ಮದೇನು ಗಡಿ ಅಲ್ಲೇನು?

ನೋಡ್ರಿ, ಆಳಂದದಿಂದ ಅಕ್ಕಲಕೋಟೆ ಎಷ್ಟು ದೂರ? ನಮ್ಮ ಹೆಣ್ಣುಮಕ್ಕಳನ್ನು ಆ ಕಡೆ ಕೊಟ್ಟಿದ್ದೇವೆ, ಅಲ್ಲಿಂದ ಸೊಸೆಯಂದಿರನ್ನು ತಂದಿದ್ದೇವೆ. ಅಲ್ಲಿನ ಹಳ್ಳಿಗಳ ಮಂದಿ ಮನೆಯಲ್ಲಿ ಕನ್ನಡ ಆಡುತ್ತಾರೆ, ತಹಶೀಲ ಕಚೇರಿಯಲ್ಲಿ ಮರಾಠಿ ಕಾಗದಕ್ಕೆ ಸಹಿ ಹಾಕುತ್ತಾರೆ. ಮಹಾಜನ ವರದಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ನಮಗೆ ಬರಬೇಕು ಅಂತಲೇ ಹೇಳಿತ್ತು, ಬರಲಿಲ್ಲ. ಇತ್ತ ದೇವಲ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಬರುವ ಮಂದಿಯಲ್ಲಿ ಮರಾಠಿಯವರೇ ಹೆಚ್ಚು. ಗಾಣಗಾಪುರದ ಬಾಳೆಹಣ್ಣು ಮಾರುವ ಅವ್ವನಿಗೂ ಮರಾಠಿ ಬರುತ್ತದೆ. ನಮ್ಮ ಅಜ್ಜಂದಿರು ನಿಜಾಮರ ಶಾಲೆಯಲ್ಲಿ ಉರ್ದು ಕಲಿತವರು. ತಾಂಡಾಗಳಲ್ಲಿ ಲಂಬಾಣಿ, ಸೇಡಂ ಕಡೆ ಹೋದರೆ ತೆಲುಗು. ಬಾಯಿ ಲೆಕ್ಕ ಹಾಕಿದರೆ ನಾವು ಕಾಸರಗೋಡಿಗೆ ಏನೂ ಕಡಿಮೆ ಇಲ್ಲ.

ನಮ್ಮೂರಲ್ಲಿ ಒಬ್ಬ ಅಜ್ಜ ಇದ್ದರು. ಉರ್ದು ಚೆನ್ನಾಗಿ ಓದುತ್ತಿದ್ದರು. ಜಮೀನಿನ ತಂಟೆ ಬಂದಾಗ ಜನ ಪೆಟ್ಟಿಗೆಯಿಂದ ಹಳೇ ಕಾಗದ ತೆಗೆದು ಅವರ ಹತ್ತಿರ ಹೋಗುವರು. ಅಜ್ಜ ಕನ್ನಡಕ ಏರಿಸಿ ಓದುವರು, ಕನ್ನಡದಲ್ಲಿ ಹೇಳುವರು, "ಇದು ನಿಮ್ಮಪ್ಪಂದಲ್ಲ, ನಿಮ್ಮ ದೊಡ್ಡಪ್ಪಂದು" ಅಂತ ನಿಷ್ಠುರವಾಗಿ ಅಂದುಬಿಡುವರು. ಒಂದು ಕಪ್ಪು ಚಹಾ ಅಷ್ಟೇ ಅವರ ಫೀಸು. ಎಷ್ಟು ಜಗಳ ಕೋರ್ಟಿಗೆ ಹೋಗದೆ ಆ ಕಟ್ಟೆಯ ಮೇಲೇ ಮುಗಿದವೋ. ಅವರು ತೀರಿಕೊಂಡ ಮೇಲೆ ಅದೇ ಕಾಗದ ಹಿಡಿದು ಕಲಬುರಗಿಗೆ ಹೋಗಿ ದುಡ್ಡು ಕೊಟ್ಟು ಓದಿಸುತ್ತಾರೆ. ಓದಿದವನು ಸರಿ ಹೇಳಿದನೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಆ ಅಜ್ಜ ಅನುವಾದಕ ಅಂತ ನಾವು ಯಾರೂ ಕರೆಯಲಿಲ್ಲ. ಸತ್ತಾಗ ನಾನು ಒಂದು ಸಣ್ಣ ಸುದ್ದಿಯನ್ನೂ ಬರೆಯಲಿಲ್ಲ.

ಜಗತ್ತಿನ ಬೇರೆ ಗಡಿಗಳ ಕಡೆ ಒಮ್ಮೆ ನೋಡೋಣ. ಕುರ್ದ್ ಅಂತ ಒಂದು ಜನಾಂಗ ಇದೆ. ಮೊದಲ ಮಹಾಯುದ್ಧದ ನಂತರ ಗೆರೆ ಎಳೆದಾಗ ಅವರ ನೆಲ ಟರ್ಕಿ, ಇರಾನ್, ಇರಾಕ್, ಸಿರಿಯಾ ಅಂತ ನಾಲ್ಕು ಪಾಲಾಯಿತು. ಅವರ ಮೊದಲ ಪತ್ರಿಕೆ 'ಕುರ್ದಿಸ್ತಾನ್' 1898ರಲ್ಲಿ ಅಚ್ಚಾದದ್ದು ಅವರ ನೆಲದಲ್ಲಲ್ಲ, ದೂರದ ಕೈರೋದಲ್ಲಿ. ಟರ್ಕಿಯಲ್ಲಿ 1983ರಿಂದ 1991ರವರೆಗೆ ಕುರ್ದಿ ಭಾಷೆಯ ಬಳಕೆಗೆ ಕಾನೂನೇ ಅಡ್ಡ ಇತ್ತು. 1991ರಲ್ಲಿ ಲೇಲಾ ಝಾನಾ ಅನ್ನುವ ಹೆಣ್ಣುಮಗಳು ಸಂಸತ್ತಿಗೆ ಗೆದ್ದು ಬಂದು, ಟರ್ಕಿ ಭಾಷೆಯಲ್ಲಿ ಪ್ರಮಾಣವಚನ ಮುಗಿಸಿ, ಎರಡೂ ಜನರ ಸೋದರತೆಯ ಬಗ್ಗೆ ಕುರ್ದಿಯಲ್ಲಿ ಒಂದು ಮಾತು ಸೇರಿಸಿದರು. ಸಭೆ ಎದ್ದು ಕೂಗಾಡಿತು. 1994ರಲ್ಲಿ ಜೈಲಿಗೆ ಹೋದ ಅವರು ಹೊರಗೆ ಬಂದದ್ದು 2004ರಲ್ಲಿ. ಮೂಸಾ ಅಂತೇರ್ ಅನ್ನುವ ಹಿರಿಯ ಪತ್ರಕರ್ತರನ್ನು 1992ರಲ್ಲಿ ದಿಯಾರ್‌ಬಕಿರ್ ಊರಲ್ಲಿ ಗುಂಡಿಟ್ಟು ಕೊಂದರು. ಅಲ್ಲಿಯೂ ಬರೆಯುವವರು, ಭಾಷಾಂತರ ಮಾಡುವವರು, ಚುನಾವಣೆಗೆ ನಿಲ್ಲುವವರು ಹೆಚ್ಚಾಗಿ ಅವರವರೇ. ಗಡಿಯ ಮಂದಿಗೆ ಈ ಕೆಲಸಗಳನ್ನು ಬೇರೆ ಬೇರೆ ಮಾಡುವಷ್ಟು ಪುರುಸೊತ್ತು ಎಲ್ಲಿದೆ?

ಅವರ ಹೋಲಿಕೆಯಲ್ಲಿ ನಮ್ಮ ಸ್ಥಿತಿ ಎಷ್ಟೋ ಮೇಲು. ನಮ್ಮ ಸಂವಿಧಾನದ 350ಎ ವಿಧಿ ಸಣ್ಣ ಮಕ್ಕಳಿಗೆ ತಾಯ್ನುಡಿಯಲ್ಲಿ ಪಾಠ ಸಿಗುವಂತೆ ರಾಜ್ಯಗಳು ಪ್ರಯತ್ನ ಮಾಡಬೇಕು ಅನ್ನುತ್ತದೆ. ಹಂಗಂತ ಎಲ್ಲ ಸರಿ ಇದೆ ಅಂತಲ್ಲ. 2017ರಲ್ಲಿ ಕೇರಳ ಸರಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗೆ ಇಳಿದರು. ನಾವು ಇಲ್ಲಿ ಕೂತು ಅವರಿಗೆ ಬೆಂಬಲ ಅಂದೆವು, ಸ್ಟೇಟಸ್ ಹಾಕಿದೆವು. ಆದರೆ 2015ರಲ್ಲಿ ನಮ್ಮ ರಾಜ್ಯವೂ ಕನ್ನಡ ಕಲಿಕೆ ಕಡ್ಡಾಯದ ಕಾನೂನು ತಂದಿದೆ. ನಾನು ಆ ಕಾನೂನಿನ ವಿರೋಧಿ ಅಲ್ಲ. ಇಲ್ಲಿ ಬದುಕುವ ಮಗು ಕನ್ನಡ ಕಲಿಯಬೇಕು, ಕಲಿತರೆ ಅದಕ್ಕೇ ಲಾಭ. ಆದರೆ ಅಲ್ಲಿನ ಕನ್ನಡ ಮಗುವಿಗೆ ಏನು ಬೇಕು ಅಂತ ಕೇಳುತ್ತೇವೋ ಅದನ್ನೇ ಇಲ್ಲಿನ ಮರಾಠಿ, ಉರ್ದು, ಲಂಬಾಣಿ ಮಗುವಿಗೂ ಕೇಳಬೇಕಲ್ಲವೇ? ಕಯ್ಯಾರರ ಬದುಕು ನೋಡಿದ ಮೇಲೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅವರಿಗೆ ಕನ್ನಡ ಮನೆಮಾತೂ ಅಲ್ಲ. ತುಳು ಮನೆಯ ಮಗ ಕನ್ನಡಕ್ಕಾಗಿ ಹೋರಾಡಿ, ಮಲಯಾಳವನ್ನು ಕನ್ನಡಕ್ಕೆ ತಂದ.

2022ರ ಕೊನೆಯಲ್ಲಿ ಗಡಿ ಗಲಾಟೆ ಎದ್ದದ್ದು ನೆನಪಿದೆಯಾ? ಬಸ್ಸಿಗೆ ಮಸಿ ಬಳಿಯುವ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂತು. ಜತ್ತ ತಾಲ್ಲೂಕಿನ ಹಳ್ಳಿಗಳ ಮಂದಿ ಕರ್ನಾಟಕಕ್ಕೆ ಸೇರುತ್ತೇವೆ ಅಂದದ್ದು ಯಾಕೆ ಅಂತ ಎಷ್ಟು ಜನ ತಿಳಿದುಕೊಂಡೆವು? ಅವರು ಕೇಳುತ್ತಿದ್ದದ್ದು ನೀರು. ಹೊಲಕ್ಕೆ, ಕುಡಿಯಲಿಕ್ಕೆ ನೀರು. ಅವರ ಮಾತು ಮರಾಠಿಯಲ್ಲೂ ಕನ್ನಡದಲ್ಲೂ ಇತ್ತು, ಆದರೆ ಅದನ್ನು ಕೂತು ಕೇಳಿ ನಮಗೆ ದಾಟಿಸಿದವರು ಕಡಿಮೆ. ಮಸಿಯ ವಿಡಿಯೊಕ್ಕೆ ಅನುವಾದ ಬೇಕಾಗುವುದಿಲ್ಲ, ಅದಕ್ಕೇ ಅದು ಓಡಿತು. ನೀರಿನ ಮಾತಿಗೆ ಅನುವಾದ ಬೇಕಿತ್ತು, ಅದು ಅಲ್ಲೇ ಉಳಿಯಿತು.

ಇಲ್ಲಿ ಕೆಲವರು ಕೇಳಬಹುದು. ಪತ್ರಕರ್ತ ರಾಜಕೀಯಕ್ಕೆ ಯಾಕೆ ಕೈ ಹಾಕಬೇಕು ಅಂತ. ಸರಿಯಾದ ಪ್ರಶ್ನೆಯೇ. ನಮ್ಮ ಕಡೆ ಸ್ಟ್ರಿಂಗರ್ ಅಂದರೆ ಏನು ಅಂತ ನಿಮಗೆ ಗೊತ್ತು. ಸುದ್ದಿಗೆ ಇಷ್ಟು, ಫೋಟೊಕ್ಕೆ ಇಷ್ಟು ಅಂತ ಬರುವ ಪುಡಿಗಾಸು ಪೆಟ್ರೋಲಿಗೆ ಸಾಲದು. ಅದಕ್ಕೆ ಕೆಲವರು ಹಗಲು ಸುದ್ದಿ ಬರೆದು ರಾತ್ರಿ ಒಬ್ಬ ಮುಖಂಡರ ಪರ ಓಡಾಡುತ್ತಾರೆ. ನಾನು ಆ ರಾಜಕೀಯದ ಪರ ಮಾತಾಡುತ್ತಿಲ್ಲ. ಕಯ್ಯಾರರು ತಾವು ಯಾವ ಕಡೆ ಅಂತ ಎದೆ ಮುಂದಿಟ್ಟು ಹೇಳಿದವರು. ಪಂಚಾಯಿತಿಯ ಕುರ್ಚಿಯಲ್ಲಿ ಎಲ್ಲರ ಕಣ್ಣೆದುರು ಕೂತವರು. ಮುಚ್ಚಿಟ್ಟುಕೊಂಡು ಮಾಡುವುದಕ್ಕೂ, ಹೆಸರು ಹಾಕಿಕೊಂಡು ಊರ ಕೆಲಸ ಮಾಡುವುದಕ್ಕೂ ವ್ಯತ್ಯಾಸವಿದೆ. ಒಂದು ಮನೆಗೆ ಪಡಿತರ ಯಾಕೆ ನಿಂತಿತು ಅಂತ ವಿಚಾರಿಸಿ ಹೇಳುವುದೂ ಊರ ಕೆಲಸವೇ. ಅದು ರಾಜಕೀಯ ಆದರೆ ಆಗಲಿ.

ಇನ್ನು ಕೆಲವರು, "ಫೋನೇ ಅನುವಾದ ಮಾಡ್ತದಲ್ರೀ" ಅನ್ನುತ್ತಾರೆ. ಮಾಡುತ್ತದೆ, ನಾನೂ ಬಳಸುತ್ತೇನೆ. ಕಾಕಾನ ಮೆಸೇಜನ್ನೂ ಹಾಕಿ ನೋಡಿದೆ. 72 ಗಂಟೆ ಅನ್ನುವುದು ಸರಿಯಾಗಿ ಬಂತು. ಆದರೆ ಯಾವ ಗಂಟೆಯಿಂದ ಎಣಿಸಬೇಕು, ಯಾರಿಗೆ ಹೇಳಬೇಕು, ಫೋಟೊ ಸಾಕಾ, ಪಂಚಾಯಿತಿ ಇಳುವರಿ ಲೆಕ್ಕದಲ್ಲಿ ಬರುವ ಪರಿಹಾರ ಇದೇನಾ ಬೇರೆನಾ, ಇದ್ಯಾವುದನ್ನೂ ಅದು ಹೇಳಲಿಲ್ಲ. ಹೆಂಗೆ ಹೇಳೀತು? ಮೆಸೇಜಿನಲ್ಲೇ ಇಲ್ಲ. ಫೋನು ಶಬ್ದ ದಾಟಿಸುತ್ತದೆ. ಆ ಶಬ್ದದ ಹಿಂದಿನ ಕಚೇರಿಯನ್ನೂ ಇತ್ತಲಿನ ಹೊಲವನ್ನೂ ಕಂಡವನು ಮಾತ್ರ ಅರ್ಥ ದಾಟಿಸಬಲ್ಲ. ಅಷ್ಟಕ್ಕೂ ಕಾಕಾಗೆ ಅದು ಯಾರ ಮೆಸೇಜು ಅಂತಲೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅನುವಾದಕ್ಕೆ ಹಾಕುವವರು ಯಾರು?

ಅದಕ್ಕೆ ನನ್ನ ಮಾತು ಇಷ್ಟು.

ನಮ್ಮಂಥ ಸ್ಟ್ರಿಂಗರುಗಳಿಗೆ ಮೊದಲು. ಮಳೆ, ಬೆಳೆ, ಪಿಂಚಣಿ, ಪಡಿತರ, ಭೂದಾಖಲೆ, ಯಾವುದೇ ಸುದ್ದಿ ಬರೆದರೂ ಕೊನೆಗೆ ಮೂರು ಸಾಲು ಸೇರಿಸೋಣ: ಎಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ, ಯಾವ ಕಾಗದ ಒಯ್ಯಬೇಕು. ಡೆಸ್ಕಿನವರು ಕತ್ತರಿಸುತ್ತಾರೆ, ನನಗೂ ಗೊತ್ತು. ಕತ್ತರಿಸಿದರೆ ಊರಿನ ಗ್ರೂಪಿಗೆ ನಾವೇ ಬರೆದು ಹಾಕೋಣ. ಸಾಧ್ಯವಾದರೆ ಬಾಯಲ್ಲಿ ಹೇಳಿ ಆಡಿಯೊ ಹಾಕೋಣ. ಓದು ಬಾರದ ಅವ್ವಂದಿರು ಕೇಳಿಸಿಕೊಳ್ಳುತ್ತಾರೆ.

ಪಂಚಾಯಿತಿಯವರಿಗೆ ಎರಡನೆಯದು. 1963ರಲ್ಲೇ ನಮ್ಮ ರಾಜ್ಯದ ಆಡಳಿತ ಭಾಷೆ ಕನ್ನಡ ಅಂತ ಕಾನೂನಾಗಿದೆ. ಆದರೂ ರೈತನ ಫೋನಿಗೆ, ಅಜ್ಜಿಯ ಪಾಸ್‌ಬುಕ್ಕಿಗೆ ಇಂಗ್ಲಿಷೇ ಬರುತ್ತದೆ. ಅದರ ಬಗ್ಗೆ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ ಮೇಲಕ್ಕೆ ಕಳಿಸಲಿಕ್ಕೆ ದುಡ್ಡು ಬೇಕಾಗುವುದಿಲ್ಲ. ಕಸದ ಗಾಡಿಯ ಮೈಕಿನಲ್ಲಿ ಹಾಡಿನ ನಡುವೆ ಎರಡು ನಿಮಿಷ ಈ ವಾರದ ಕೊನೆ ದಿನಾಂಕಗಳನ್ನು ಹೇಳಬಹುದು. ತಾಂಡಾಕ್ಕೆ ಹೋದಾಗ ಲಂಬಾಣಿಯಲ್ಲಿ, ಮಸೀದಿ ಓಣಿಯಲ್ಲಿ ಉರ್ದುವಿನಲ್ಲಿ ಹೇಳಬಹುದು. ಹೇಳಬಲ್ಲ ಹುಡುಗ ಹುಡುಗಿಯರು ಪ್ರತಿ ಊರಲ್ಲೂ ಇದ್ದಾರೆ, ಯಾರೂ ಕರೆದಿಲ್ಲ ಅಷ್ಟೇ.

ಮೂರನೆಯದು ಓದುವ ನಿಮಗೆ. ಅರ್ಥವಾಗದ ಮೆಸೇಜು ಬಂದರೆ ಬಿಡಬೇಡಿ, ಅಳಿಸಬೇಡಿ. ಓದಿದ ಮಗಳಿಗೆ, ಪಕ್ಕದ ಮನೆಯ ಕಾಲೇಜು ಹುಡುಗನಿಗೆ ತೋರಿಸಿ. ಒಟಿಪಿ ಮಾತ್ರ ಯಾರಿಗೂ ಹೇಳಬೇಡಿ, ಉಳಿದದ್ದು ಕೇಳಲಿಕ್ಕೆ ನಾಚಿಕೆ ಬೇಡ. ಬೆಳೆ ವಿಮೆ ಕಟ್ಟಿದವರು 14447 ನಂಬರನ್ನು ಈಗಲೇ ಫೋನಿನಲ್ಲಿ ಇಟ್ಟುಕೊಳ್ಳಿ. ಹೊಲಕ್ಕೆ ನೀರು ನಿಂತ ಗಳಿಗೆಯಿಂದ ಮೂರು ದಿನ, ಅಷ್ಟೇ ನಿಮ್ಮ ಗಡುವು.

ಕಯ್ಯಾರರು ಬಯಸಿದ್ದು ಅವರ ಕಣ್ಣೆದುರು ಆಗಲಿಲ್ಲ, ಕಾಸರಗೋಡು ಇವತ್ತಿಗೂ ಕೇರಳದಲ್ಲೇ ಇದೆ. ಹಂಗಂತ ಅವರ ಬದುಕು ಸೋತಿತು ಅಂತ ನನಗೆ ಅನಿಸುವುದಿಲ್ಲ. ಅವರ ಶಾಲೆಯಲ್ಲಿ ಕನ್ನಡ ಕಲಿತ ಮಕ್ಕಳಿದ್ದಾರೆ, ಆಶಾನರನ್ನು ಕನ್ನಡದಲ್ಲಿ ಓದಿದವರಿದ್ದಾರೆ. ನಕ್ಷೆಯ ಗೆರೆ ಅಳಿಸುವುದು ಅವರ ಕೈಯಲ್ಲಿರಲಿಲ್ಲ. ಗೆರೆಯ ಆ ಕಡೆಯ ಮಾತನ್ನು ಈ ಕಡೆಗೆ ತರುವುದು ಅವರ ಕೈಯಲ್ಲಿತ್ತು, ಅದನ್ನು ಬಿಡದೆ ಮಾಡಿದರು.

ಕಾಕಾಗೆ ಆ ವರ್ಷ ನೀರು ನಿಂತ ಹೊಲಕ್ಕೆ ಏನೂ ಸಿಗಲಿಲ್ಲ. ಈಗ ಅವರು ಏನೇ ಮೆಸೇಜು ಬಂದರೂ ನನ್ನ ಹತ್ತಿರ ತರುತ್ತಾರೆ. ಹತ್ತರಲ್ಲಿ ಒಂಬತ್ತು ರೀಚಾರ್ಜಿನ ಜಾಹೀರಾತು. "ಇದು ಕೆಲಸದ್ದಲ್ಲ ಕಾಕಾ" ಅನ್ನುತ್ತೇನೆ. "ಆಗಲ್ಲೇಳಪಾ, ನೀ ನೋಡಿದಿ ಅಂದ್ರ ನನಗ ನಿದ್ದಿ ಬರ್ತದ" ಅನ್ನುತ್ತಾರೆ. ಆ ಹತ್ತನೆಯದಕ್ಕಾಗಿ ನಾನು ಒಂಬತ್ತನ್ನೂ ಓದುತ್ತೇನೆ.